ತುಕ್ಕಿಗೆ ತುಕ್ಕೇ ಕಾವಲು

ಗದ್ದೆಗಳ ನಾಟಿ ಮುಗಿದು, ಮಳೆ ಮಾತ್ರ ಇನ್ನೂ ಹಿಂದೆಗೆಯದಿರುವ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೊಡಗಿನವರು ಕೈಲ್‌ಪೊಳ್ದ್ ಹಬ್ಬವನ್ನು ಆಚರಿಸುತ್ತಾರೆ. ಅಂದು ಮನೆಯ ಆಯುಧಗಳನ್ನೆಲ್ಲ ಶುಚಿಗೊಳಿಸಿ, ಒಳಮನೆಯ ದೀಪದ ಬಳಿ ಸಾಲಾಗಿ ಇರಿಸಿ, ಕೋವಿಯ ನಳಿಗೆಗೆ ತೋಕ್ ಪೂವನ್ನು ಮುಡಿಸಿ ಪೂಜಿಸುವುದು ವಾಡಿಕೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ತೋಕ್ ಪೂ ಎಂದರೆ ಕೋವಿಯ ಹೂವು. ಸಂಸ್ಕೃತದವರು ಅದೇ ಹೂವನ್ನು ಅಗ್ನಿಶಿಖೆ ಎಂದರು. ಬೆಂಕಿಯನ್ನುಗುಳುವ ಲೋಹದ ಬಾಯಿಗೆ ಬೆಂಕಿಯ ನಾಲಗೆಯಂತಿರುವ ಹೂವನ್ನು ಮುಡಿಸಿದ ಮನಸ್ಸು ಯಾರದೋ, ಅದು ಕವಿಯ ಮನಸ್ಸೇ ಆಗಿರಬೇಕು.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗತಾನೇ ಅಧ್ಯಾಪಕನಾಗಿ ಕೊಡಗಿಗೆ ಹೋಗಿದ್ದ ನಾನು ಅಲ್ಲಿನ ಒಂದು ಮನೆಯ ಹೊರಕೋಣೆಯಲ್ಲಿ ಬಿಡಾರ ಹೂಡಿದ್ದೆ. ಹಬ್ಬದ ಹಿಂದಿನ ದಿನ ಕೋವಿಗಳನ್ನು ಜಗಲಿಗೆ ತಂದಿಟ್ಟಿದ್ದರು. ಅವುಗಳಲ್ಲಿ ಒಂದು ಮನೆಯ ಹಿರಿಯರ ಅಜ್ಜನ ಕಾಲದ್ದು. ಉದ್ದನೆಯ ನಳಿಗೆಯ ಕೇಪಿನ ಕೋವಿ. ಅದರ ನಳಿಗೆ ಉದ್ದಕ್ಕೂ ಕಂದು ಬಣ್ಣವಾಗಿತ್ತು. ಬಯಲುಸೀಮೆಯ ಮನೆಯಲ್ಲಿ ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ಹಿತ್ತಾಳೆಯ ಪಾತ್ರೆಗಳು ಹೊಳೆಯುವುದನ್ನು ನೋಡಿ ಬೆಳೆದವನು ನಾನು. ಇಷ್ಟು ಒಳ್ಳೆಯ ಕೋವಿಗೆ ತುಕ್ಕು ಹಿಡಿದಿದೆಯಲ್ಲಾ ಎಂದು ಮರುಗಿ, ಉಪಕಾರ ಮಾಡುವ ಉತ್ಸಾಹದಿಂದ ಇಟ್ಟಿಗೆಪುಡಿ ಹಾಕಿ ಉಜ್ಜತೊಡಗಿದೆ. ಒಂದು ಗೇಣಿನಷ್ಟು ಉದ್ದ ಬೆಳ್ಳಿಯಂತೆ ಹೊಳೆಯುವ ಹೊತ್ತಿಗೆ ಮನೆಯ ಹಿರಿಯರು ಬಂದರು. ಕೋವಿಯನ್ನು ಕೈಗೆತ್ತಿಕೊಂಡು ಕ್ಷಣಕಾಲ ಸುಮ್ಮನೆ ನೋಡಿದರು.

"ಮೇಷ್ಟ್ರೇ, ನೀವು ಉಜ್ಜಿ ತೆಗೆದದ್ದು ತುಕ್ಕಲ್ಲ. ತುಕ್ಕು ಹಿಡಿಯದಿರಲಿ ಅಂತ ಕೊಟ್ಟ ಬಣ್ಣ ಅದು. ಇರಲಿ ಬಿಡಿ, ಗೊತ್ತಿಲ್ಲದೆ ಆದದ್ದು," ಎಂದರು.

ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಎಣ್ಣೆ ಸವರಿ ಗೋಡೆಗೆ ತೂಗುಹಾಕಿದ ಆ ಕೋವಿಯನ್ನು ನಾನು ದಿನವೂ ನೋಡುತ್ತಿದ್ದೆ. ಕಂದು ಬಣ್ಣದ ಭಾಗ ಇದ್ದಂತೆಯೇ ಇತ್ತು. ನಾನು ಬೆಳಗಿದ ಒಂದು ಗೇಣು ಭಾಗ ಮಾತ್ರ ಆ ಮಳೆಗಾಲ ಮುಗಿಯುವ ಮೊದಲೇ ಕೆಂಪು ಚುಕ್ಕೆಗಳಿಂದ ತುಂಬಿಹೋಯಿತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಯಾದ ನಾನು ಕಬ್ಬಿಣದ ಬಣ್ಣಗಳ ಚರಿತ್ರೆಯನ್ನು ಓದಲು ತೊಡಗಿದ್ದು ಆ ಒಂದು ಗೇಣಿನ ನಾಚಿಕೆಯಿಂದ.

ತುಕ್ಕು ಎಂದರೇನು? ಕಬ್ಬಿಣವು ಗಾಳಿಯ ಆಮ್ಲಜನಕವನ್ನೂ ನೀರನ್ನೂ ಕೂಡಿಕೊಂಡು ತಾನು ಬಂದ ಅದಿರಿನ ಸ್ಥಿತಿಗೆ ಹಿಂದಿರುಗುವ ಕ್ರಿಯೆ. ಮನುಷ್ಯನು ಇದ್ದಿಲನ್ನುರಿಸಿ, ತಿದಿಯೊತ್ತಿ, ಬಲವಂತವಾಗಿ ಅದಿರಿನಿಂದ ಬೇರ್ಪಡಿಸಿದ ಲೋಹಕ್ಕೆ ತವರಿನ ಸೆಳೆತ ಎಂದೂ ತಪ್ಪಿದ್ದಲ್ಲ. ಕೆಂಪು ತುಕ್ಕಿನ ದೋಷವೆಂದರೆ ಅದು ಸಡಿಲವಾದದ್ದು. ತಾನು ನುಂಗಿದ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡಿ, ಉಬ್ಬಿ, ಹೊಪ್ಪಳೆಯಾಗಿ ಕಳಚುತ್ತದೆ. ಅದರ ಬಿರುಕುಗಳಲ್ಲಿ ತೇವ ನಿಲ್ಲುತ್ತದೆ. ಆ ತೇವ ಒಳಗಿನ ಹೊಸ ಲೋಹವನ್ನು ತಿನ್ನುತ್ತದೆ. ತಾಮ್ರದ ಕಿಲುಬು ಹಾಗಲ್ಲ. ಅದು ಒಮ್ಮೆ ಗಟ್ಟಿಯಾಗಿ ಕೂತರೆ ತಾಮ್ರಕ್ಕೆ ತಾನೇ ಹೊದಿಕೆಯಾಗುತ್ತದೆ. ಕಬ್ಬಿಣದ ತುಕ್ಕನ್ನೂ ಹೀಗೆ ಗಟ್ಟಿಯಾಗಿ ಕೂರಿಸಬಹುದೇ? ಕೋವಿಯ ಕಮ್ಮಾರರು ಕೇಳಿಕೊಂಡ ಪ್ರಶ್ನೆ ಇದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಗಾದೆಯಲ್ಲಿಯೇ ಇದಕ್ಕೆ ಉತ್ತರವೂ ಇತ್ತು.

ಆದರೆ ಸೈನ್ಯಗಳು ಈ ಉತ್ತರವನ್ನು ಬೇಗನೆ ಒಪ್ಪಲಿಲ್ಲ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಪದಾತಿಯ ಬಂದೂಕಿಗೆ 'ಬ್ರೌನ್ ಬೆಸ್' ಎಂಬ ಅಡ್ಡಹೆಸರಿತ್ತು. ಆ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತಮಾಷೆಯೆಂದರೆ, ಹೆಸರಿನಲ್ಲಿ ಕಂದು ಇದ್ದರೂ ಆ ಬಂದೂಕುಗಳ ನಳಿಗೆಗಳು ಬಹುಮಟ್ಟಿಗೆ ಬಿಳಿಯ ಹೊಳಪಿನವು. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸಿಪಾಯಿಗಳಿಗಾಗಿ ಮಾಡಿಸಿದ, ಮುಂದೆ 1790ರ ದಶಕದಲ್ಲಿ ಬ್ರಿಟನ್ನಿನ ಸೈನ್ಯವೇ ಎರವಲು ಪಡೆದ 'ಇಂಡಿಯಾ ಪ್ಯಾಟರ್ನ್' ಬಂದೂಕೂ ಇದೇ ಬಗೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಲ್ಲಿ ನುಗ್ಗಿದ ಕಂಪನಿಯ ಸಿಪಾಯಿಗಳು ಹೊತ್ತಿದ್ದುದು ಈ ಬಗೆಯ ಆಯುಧಗಳನ್ನೇ. ಕವಾಯತಿನ ಅಂಗಳದಲ್ಲಿ ಸಾಲುಸಾಲಾಗಿ ಬಿಸಿಲಿಗೆ ಮಿಂಚುವ ನಳಿಗೆಗಳು ಅಧಿಕಾರಿಯ ಕಣ್ಣಿಗೆ ಹಬ್ಬ. ಆ ಮಿಂಚಿಗಾಗಿ ಸಿಪಾಯಿ ಇಟ್ಟಿಗೆಪುಡಿಯಿಂದಲೂ ಎಣ್ಣೆಯಿಂದಲೂ ದಿನದಿನವೂ ಉಜ್ಜಬೇಕಾಗಿತ್ತು. ಹೀಗೆ ವರ್ಷಗಟ್ಟಲೆ ಉಜ್ಜಿಸಿಕೊಂಡ ನಳಿಗೆ ತೆಳುವಾಗುತ್ತ ಹೋಗುತ್ತಿತ್ತು. ಶತ್ರುವಿನ ಕಣ್ಣಿಗೂ ಆ ಮಿಂಚು ದೂರದಿಂದಲೇ ಬೀಳುತ್ತಿತ್ತು. ಕೊಡಗಿನ ಜಗಲಿಯ ಮೇಲೆ ನಾನು ಮಾಡಿದ ತಪ್ಪನ್ನು ದೊಡ್ಡ ಸೈನ್ಯವೊಂದು ತಲೆಮಾರುಗಳ ಕಾಲ ನಿಯಮವೆಂದೇ ಪಾಲಿಸಿತ್ತು ಎಂಬುದು ನನಗೆ ಸ್ವಲ್ಪ ಸಮಾಧಾನ ತಂದಿತು.

ಬೇಟೆಗಾರರ ಕೋವಿಗಳನ್ನು ಮಾಡುವ ಕಮ್ಮಾರರು ಇದಕ್ಕಿಂತ ಬುದ್ಧಿವಂತರು. ಅವರು ನಳಿಗೆಯನ್ನು ಜಿಡ್ಡಿಲ್ಲದಂತೆ ತೊಳೆದು, ಆಮ್ಲ ಮತ್ತು ಲವಣಗಳ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಕೋಣೆಯಲ್ಲಿ ಇಡುತ್ತಿದ್ದರು. ಮರುದಿನ ಅದರ ಮೇಲೆ ನುಣ್ಣನೆಯ ತುಕ್ಕು ಮೂಡಿರುತ್ತಿತ್ತು. ಸಡಿಲವಾದುದನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದು, ಗಟ್ಟಿಯಾಗಿ ಕೂತದ್ದನ್ನು ಉಳಿಸಿ, ಮತ್ತೆ ದ್ರಾವಣ ಸವರುತ್ತಿದ್ದರು. ಹೀಗೆ ಹಲವು ದಿನ, ಹಲವು ಸಲ. ಕೊನೆಗೆ ತುಕ್ಕಿನ ಕ್ರಿಯೆಯನ್ನು ಬಿಸಿನೀರಿನಿಂದ ನಿಲ್ಲಿಸಿ ಎಣ್ಣೆಯನ್ನೋ ಮೇಣವನ್ನೋ ತಿಕ್ಕಿದರೆ ಉಳಿಯುವುದೇ ಆ ಕಂದು. ಅದು ಮೇಲೆ ಬಳಿದ ಬಣ್ಣವಲ್ಲ, ಶಿಸ್ತಿಗೆ ಒಳಪಟ್ಟ ತುಕ್ಕು. ಇದೇ ಕ್ರಮದಲ್ಲಿ ಪ್ರತಿ ಸಲವೂ ನಳಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪಾಗಿ ಮಾರ್ಪಡುತ್ತದೆ. ಅಯಸ್ಕಾಂತದ ಅದಿರಾದ ಮ್ಯಾಗ್ನೆಟೈಟ್ ಎಂಬ ಸಾಂದ್ರವಾದ ಆಕ್ಸೈಡು ಅದು. ಹೀಗೆ ಬಂದ ನೀಲಿಗಪ್ಪು ಹೊದಿಕೆ ಕಂದಿಗಿಂತ ಬಿಗಿಯಾಗಿ ಲೋಹವನ್ನು ಅಪ್ಪಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯವೂ ಹೊಳಪಿನ ಮೋಹವನ್ನು ತೊರೆದು ಕಂದಿನ ದಾರಿ ಹಿಡಿಯಿತು.

ನೀಲಿಗೆ ಇನ್ನೊಂದು ದಾರಿಯೂ ಉಂಟು. ಅದು ಬೆಂಕಿಯ ದಾರಿ. ಕನ್ನಡದ 'ಹದ' ಎಂಬ ಶಬ್ದವನ್ನು ನಾವು ಮಣ್ಣಿಗೂ ಪಾಕಕ್ಕೂ ಮಾತಿಗೂ ಉಕ್ಕಿಗೂ ಒಂದೇ ಸಮನಾಗಿ ಬಳಸುತ್ತೇವೆ. ಬೆಳಗಿದ ಉಕ್ಕನ್ನು ಮೆಲ್ಲನೆ ಕಾಯಿಸಿದರೆ ಅದರ ಮೈಮೇಲೆ ಅತಿ ತೆಳುವಾದ ಪೊರೆ ಹುಟ್ಟಿ, ಬೆಳಕಿನ ಆಟದಿಂದ ಬಣ್ಣಗಳು ಮೂಡುತ್ತವೆ. ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಣಹುಲ್ಲಿನ ಹಳದಿ, 280ರ ಸುಮಾರಿಗೆ ನೇರಳೆ, 300ರ ಹೊತ್ತಿಗೆ ನೀಲಿ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಮ್ಮಾರನು ಈ ಬಣ್ಣಗಳನ್ನು ನೋಡಿಯೇ ಉಕ್ಕಿನ ಹದವನ್ನು ಅಳೆಯುತ್ತಿದ್ದನು. ಗಡಿಯಾರದ ಮುಳ್ಳುಗಳ, ಕೋವಿಯ ಸಣ್ಣ ತಿರುಪುಗಳ ಚೆಲುವಾದ ನೀಲಿ ಹೀಗೆ ಬಂದದ್ದು.

ಆದರೆ ಈ ಚೆಲುವಿಗೆ ಬೆಲೆಯುಂಟು. ಹಳೆಯ ಕೋವಿಯ ಒಂದು ಭಾಗವನ್ನು ಅರದಿಂದ ತೀಡಿಯೋ ಬೆಸೆದೋ ಮಾರ್ಪಡಿಸಿದಾಗ, ಅಷ್ಟು ಜಾಗದಲ್ಲಿ ಹಳೆಯ ಹೊದಿಕೆ ಹೋಗಿ ಬೆತ್ತಲೆ ಉಕ್ಕು ಹೊರಬೀಳುತ್ತದೆ. ಅದಕ್ಕೆ ಹೊಸ ಹೊದಿಕೆ ಕೊಡಲು ಬೆಂಕಿಯ ದಾರಿ ಹಿಡಿದರೆ, ಗಡಸು ಮಾಡಿದ ಭಾಗ ತನ್ನ ಹದವನ್ನೇ ಕಳೆದುಕೊಂಡು ಮೆದುವಾಗಬಹುದು. ಕಾಸ್ಟಿಕ್ ಸೋಡ ಮತ್ತು ಲವಣಗಳನ್ನು ಸುಮಾರು 140 ಡಿಗ್ರಿಗೆ ಕುದಿಸಿ ಅದರಲ್ಲಿ ಮುಳುಗಿಸುವ ಇಪ್ಪತ್ತನೆಯ ಶತಮಾನದ ಕ್ರಮದಲ್ಲಿ ಹದ ಕೆಡುವ ಭಯವಿಲ್ಲ. ಕೆಲಸವೂ ಗಂಟೆಯೊಳಗೆ ಮುಗಿಯುತ್ತದೆ. ಆದರೆ ಜೋಡುನಳಿಗೆಯ ಕೋವಿಯಲ್ಲಿ ಎರಡು ನಳಿಗೆಗಳನ್ನು ಕೂಡಿಸಿರುವುದು ತವರ ಮತ್ತು ಸೀಸದ ಬೆಸುಗೆ. ಕಾಸ್ಟಿಕ್ ಸೋಡ ಆ ಬೆಸುಗೆಯನ್ನು ತಿಂದುಬಿಡುತ್ತದೆ. ಆದುದರಿಂದ ಜೋಡುನಳಿಗೆಗಳಿಗೆ ಬಲ್ಲ ಕಮ್ಮಾರರು ಹಲವು ದಿನಗಳ ತುಕ್ಕಿನ ಕ್ರಮವನ್ನೇ ಉಳಿಸಿಕೊಂಡು ಬಂದಿದ್ದಾರೆ. ಇಲ್ಲಿ ಎಲ್ಲದಕ್ಕೂ ಸಲ್ಲುವ ಒಂದೇ ಹೊದಿಕೆ ಎಂಬುದಿಲ್ಲ. ಯಾವ ಭಾಗ, ಅದರ ಹದವೇನು, ಅದು ಎಷ್ಟು ಕಾಯುತ್ತದೆ, ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಕೇಳಿಯೇ ಆಯ್ಕೆ ಮಾಡಬೇಕು.

ಈ ಎಲ್ಲ ಹೊದಿಕೆಗಳಿಗೂ ಒಂದು ಮಿತಿಯಿತ್ತು. ಕಂದಾಗಲಿ ನೀಲಿಯಾಗಲಿ ಎಣ್ಣೆಯ ನೆರವಿಲ್ಲದೆ ಮಳೆಯನ್ನು ಬಹುಕಾಲ ತಡೆಯಲಾರದು. ಇನ್ನೂ ಗಟ್ಟಿಯಾದುದಕ್ಕೆ ಹುಡುಕಾಟ ನಡೆಯಿತು. 1869ರಲ್ಲಿ ರಾಸ್ ಎಂಬಾತನಿಗೆ ಬ್ರಿಟನ್ನಿನಲ್ಲಿ ಒಂದು ಪೇಟೆಂಟು ದೊರೆಯಿತು. ಕೆಂಪಗೆ ಕಾದ ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದಲ್ಲಿ ಅದ್ದುವುದು ಅವನ ಉಪಾಯ. 1906ರಲ್ಲಿ ಥಾಮಸ್ ವಾಟ್ಸ್ ಕಾಸ್ಲೆಟ್ ಎಂಬಾತನು ಇದನ್ನು ಕಾರ್ಯಸಾಧ್ಯವಾದ ಕ್ರಮವಾಗಿ ಬೆಳೆಸಿದನು. ಅಮೆರಿಕದ ಕ್ಲಾರ್ಕ್ ಪಾರ್ಕರ್ ಆ ಹಕ್ಕುಗಳನ್ನು ಕೊಂಡು, ಮನೆಯ ಅಡುಗೆಕೋಣೆಯಲ್ಲಿಯೇ ಪ್ರಯೋಗಗಳನ್ನು ನಡೆಸಿ, 1915ರಲ್ಲಿ ಮಗನೊಡನೆ ಒಂದು ಕಂಪನಿಯನ್ನು ತೆರೆದನು. ಅವನ ಹೆಸರಿನಿಂದಲೇ 'ಪಾರ್ಕರೈಸಿಂಗ್' ಎಂಬ ಪದ ಹುಟ್ಟಿತು. ಕುದಿಯುವ ಮಟ್ಟಕ್ಕೆ ಸಮೀಪವಾದ ದ್ರಾವಣದಲ್ಲಿ ಉಕ್ಕನ್ನು ಇರಿಸಿದಾಗ ಆಮ್ಲವು ಅದರ ಮೇಲ್ಮೈಯನ್ನು ತುಸುವೇ ಕಡಿಯುತ್ತದೆ. ಕಡಿದ ಜಾಗದಲ್ಲಿಯೇ ನೀರಿಗೆ ಕರಗದ ಫಾಸ್ಫೇಟಿನ ಸೂಕ್ಷ್ಮ ಹರಳುಗಳು ಬೇರುಬಿಟ್ಟು ಬೆಳೆಯುತ್ತವೆ. ಬೂದುಬಣ್ಣದ, ಹೊಳಪಿಲ್ಲದ ಆ ಮೈ ನೋಡಲು ಅಂದವಲ್ಲ. ಆದರೆ ಹರಳುಗಳ ನಡುವಿನ ಸಂದುಗಳು ಎಣ್ಣೆಯನ್ನು ಹೀರಿ ಹಿಡಿದಿಡುತ್ತವೆ. ಮೊದಲ ಮಹಾಯುದ್ಧದ ಕೊನೆಯ ಭಾಗದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲುಗಳಿಗೂ, ಎರಡನೆಯ ಮಹಾಯುದ್ಧದಲ್ಲಿ ಗರಾಂಡ್ ರೈಫಲುಗಳಿಗೂ ಇದೇ ಹೊದಿಕೆಯಾಯಿತು. ಬ್ರಿಟನ್ನಿನವರು ಮುಂದೆ ಫಾಸ್ಫೇಟಿನ ಮೇಲೆ ಒಲೆಯ ಕಾವಿನಲ್ಲಿ ಗಟ್ಟಿಗೊಳಿಸುವ ಕಪ್ಪು ಎನಾಮಲ್ಲನ್ನೂ ಕೊಟ್ಟರು. ಎಣ್ಣೆ ಕಾವಿಗೆ ಆರಿಹೋಗುತ್ತದೆ, ಕಾವಿನಲ್ಲಿಯೇ ಹುಟ್ಟಿದ ಎನಾಮಲ್ಲು ಕಾವನ್ನು ಸಹಿಸುತ್ತದೆ.

ಈ ಫಾಸ್ಫೇಟಿನ ಕಥೆಯಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು ಸಂಗತಿ. ದೆಹಲಿಯ ಕುತುಬ್ ಮಿನಾರಿನ ಬಳಿ, ಗುಪ್ತರ ಕಾಲದ ಚಂದ್ರನೆಂಬ ರಾಜನ ಶಾಸನವನ್ನು ಹೊತ್ತ ಕಬ್ಬಿಣದ ಕಂಬವಿದೆಯಷ್ಟೆ. ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಹೆಚ್ಚು ತೂಕ. ಹದಿನಾರು ಶತಮಾನಗಳ ಬಿಸಿಲು ಮಳೆಗಳನ್ನು ಕಂಡರೂ ಕರಗಲಿಲ್ಲ. ಕಾನಪುರದ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಮಣ್ಯಂ ಅವರು 2000ದ ಸುಮಾರಿಗೆ ಅದರ ಪೊರೆಯನ್ನು ಪರೀಕ್ಷಿಸಿ, ಅಲ್ಲಿ ಕಬ್ಬಿಣದ ಫಾಸ್ಫೇಟು ಇರುವುದನ್ನು ತೋರಿಸಿದರು. ಅಂದಿನ ಕುಲುಮೆಗಳಲ್ಲಿ ಸುಣ್ಣಕಲ್ಲನ್ನು ಹಾಕುತ್ತಿರಲಿಲ್ಲ. ಆದುದರಿಂದ ಅದಿರಿನ ರಂಜಕ ಕಬ್ಬಿಣದಲ್ಲಿಯೇ ಉಳಿಯಿತು. ತುಕ್ಕು ಮೊದಲಾದಾಗ ಅದೇ ರಂಜಕ ಲೋಹಕ್ಕೂ ತುಕ್ಕಿಗೂ ನಡುವೆ ಸಾಂದ್ರವಾದ ಪೊರೆಯಾಗಿ ನಿಂತಿತು. ಅಂದರೆ ಕಂಬಕ್ಕೆ ತುಕ್ಕೇ ಹಿಡಿಯಲಿಲ್ಲವೆಂದಲ್ಲ. ಹಿಡಿದ ತುಕ್ಕೇ ಅದನ್ನು ಕಾಯಿತು. ನಮ್ಮ ಕೊಲ್ಲೂರಿಗೆ ಸಮೀಪದ ಕೊಡಚಾದ್ರಿಯ ಮೇಲೂ ಮೂಕಾಂಬಿಕೆಯ ಮೂಲಸ್ಥಾನವೆನ್ನುವ ಗುಡಿಯ ಮುಂದೆ ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆ. ಪಶ್ಚಿಮ ಘಟ್ಟದ ಮುಂಗಾರು ಎಂಥದೆಂದು ಬಲ್ಲವರು ಆ ಕಂಬಕ್ಕೆ ಕೈಮುಗಿಯದೆ ಇರಲಾರರು. ಕಾಸ್ಲೆಟ್, ಪಾರ್ಕರರು ತೊಟ್ಟಿಯಲ್ಲಿ ಒಂದೆರಡು ಗಂಟೆಗಳಲ್ಲಿ ಮಾಡಿದುದನ್ನು ಹೋಲುವ ಕೆಲಸವನ್ನು ದೆಹಲಿಯ ಕಂಬದಲ್ಲಿ ಕಾಲವು ನಿಧಾನವಾಗಿ ಮಾಡಿತ್ತು.

ಇದುವರೆಗೆ ಹೇಳಿದ್ದು ಹೊರಮೈಯ ಮಾತು. ನಳಿಗೆಯ ಒಳಮೈಗೆ ಬೇರೆಯೇ ಶತ್ರುವುಂಟು. ಮದ್ದು ಸಿಡಿದ ಕ್ಷಣಾರ್ಧದಲ್ಲಿ ಅಲ್ಲಿನ ಅನಿಲದ ಕಾವು ಉಕ್ಕು ಕರಗುವ ಮಟ್ಟವನ್ನೂ ಮೀರಬಲ್ಲದು. ಬ್ರಿಟನ್ನಿನ ಮೊದಲ ಕಾರ್ಡೈಟ್ ಮದ್ದಿನಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್ ಇತ್ತು. ಅದು ನಳಿಗೆಗಳನ್ನು ಬೇಗ ಸವೆಸಿದ್ದರಿಂದ 1901ರ ಹೊಸ ಮದ್ದಿನಲ್ಲಿ ಅದನ್ನು 30 ಪಾಲಿಗೆ ಇಳಿಸಿದರು. 1912ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಎಂಬ ಲೋಹಶಾಸ್ತ್ರಜ್ಞನಿಗೆ ರೈಫಲಿನ ನಳಿಗೆಗಳ ಈ ಸವೆತವನ್ನು ತಡೆಯುವ ಕೆಲಸ ಬಂತು. ಅವನು ಕ್ರೋಮಿಯಂ ಬೆರೆಸಿದ ಉಕ್ಕುಗಳನ್ನು ಎರೆಯಿಸಿ ನೋಡಿದನು. 1913ರ ಆಗಸ್ಟಿನಲ್ಲಿ ಎರೆದ ಒಂದು ಉಕ್ಕಿನಲ್ಲಿ ನೂರಕ್ಕೆ ಸುಮಾರು 12.8 ಪಾಲು ಕ್ರೋಮಿಯಂ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಅದನ್ನು ಆಮ್ಲದಿಂದ ಕಡಿಯಹೋದರೆ ಆಮ್ಲ ಅದನ್ನು ಕಡಿಯಲೊಲ್ಲದು! ನಿಂಬೆರಸಕ್ಕೂ ವಿನಿಗರಿಗೂ ಅದು ಜಗ್ಗಲಿಲ್ಲ. ಕೋವಿಗಾಗಿ ಹುಡುಕಿದ ಉಕ್ಕು ಹೆಸರಾದದ್ದು ಊಟದ ಮೇಜಿನ ಚಾಕುವಿನಲ್ಲಿ. ಇಂದು ನಮ್ಮ ಮನೆಮನೆಯ ಅಡುಗೆಕೋಣೆಯಲ್ಲಿ ಸ್ಟೀಲ್ ಪಾತ್ರೆಗಳೆಂದು ಕರೆಯುವುದು ಅದರ ವಂಶದ್ದನ್ನೇ. ಅದರ ಗುಟ್ಟು ಕೂಡ ಹಳೆಯದೇ. ಕ್ರೋಮಿಯಂ ಗಾಳಿಯನ್ನು ತಾಕಿದೊಡನೆ ತಾನೇ ಆಕ್ಸೈಡಾಗಿ, ಕಣ್ಣಿಗೆ ಕಾಣದ ಪೊರೆಯಾಗಿ ಉಕ್ಕನ್ನು ಮುಚ್ಚುತ್ತದೆ. ಗೀರು ಬಿದ್ದರೆ ಮತ್ತೆ ತಾನಾಗಿಯೇ ಮೂಡುತ್ತದೆ. ಒಂದು ಅರ್ಥದಲ್ಲಿ ತುಕ್ಕಿಲ್ಲದ ಉಕ್ಕಿನ ಕಾವಲುಗಾರನೂ ತುಕ್ಕೇ.

ಹೊದಿಕೆಯ ಆಯ್ಕೆಯೆಂಬುದು ಕುಶಲಿಗಳ ಚರ್ಚೆಯಷ್ಟೇ ಅಲ್ಲ, ಪ್ರಾಣದ ಮಾತೂ ಹೌದು. 1960ರ ದಶಕದಲ್ಲಿ ಅಮೆರಿಕದ ಸೈನ್ಯ ಎಂ-16 ಎಂಬ ಹೊಸ ರೈಫಲನ್ನು ವಿಯೆಟ್ನಾಮಿಗೆ ಕಳುಹಿಸಿತು. ತೋಟಾ ಕೂರುವ ಕೋಣೆಗೆ ಕ್ರೋಮಿಯಂ ಲೇಪವನ್ನು ಕೊಟ್ಟಿರಲಿಲ್ಲ. ಮದ್ದನ್ನು ಬದಲಾಯಿಸಿದ್ದರು, ಈ ರೈಫಲಿಗೆ ಹೆಚ್ಚು ಶುಚಿ ಬೇಡವೆಂಬ ನಂಬಿಕೆ ಹರಡಿ, ಶುಚಿಮಾಡುವ ಸಾಧನಗಳೂ ಎಲ್ಲರಿಗೆ ದೊರೆಯಲಿಲ್ಲ. ಕಾಡಿನ ತೇವದಲ್ಲಿ ಕೋಣೆಯ ಉಕ್ಕು ತುಕ್ಕು ತಿಂದು ಒರಟಾಯಿತು. ಸುಟ್ಟ ತೋಟಾದ ಕೋಶ ಅದರಲ್ಲಿ ಕಚ್ಚಿಕೊಂಡು ಹೊರಬರದಾಯಿತು. ಶತ್ರು ಎದುರಿಗಿರುವಾಗ ಕೋವಿ ಮೂಕವಾಯಿತು. ತಾಯ್ತಂದೆಗಳಿಗೆ ಸೈನಿಕರು ಬರೆದ ಕಾಗದಗಳಿಂದ ಗದ್ದಲವೆದ್ದು, 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ ಸೈನ್ಯದ ಆಡಳಿತವನ್ನು ಕಟುವಾಗಿ ಟೀಕಿಸಿತು. ಆಮೇಲೆ ಕ್ರೋಮಿಯಂ ಲೇಪ ಬಂತು. ಎರಡನೆಯ ಮಹಾಯುದ್ಧದಲ್ಲಿಯೇ ಜಪಾನಿನವರು ತಮ್ಮ ರೈಫಲಿನ ನಳಿಗೆಗೆ ಈ ಲೇಪವನ್ನು ಕೊಟ್ಟಿದ್ದರು. ಬೆಚ್ಚಗಿನ ಕಚೇರಿಯಲ್ಲಿ ಕುಳಿತು ಬಿಟ್ಟ ಒಂದು ತೆಳು ಲೇಪದ ಬೆಲೆಯನ್ನು ಮಳೆಯಲ್ಲಿ ನಿಂತ ಹುಡುಗರು ತೆತ್ತರು.

ಕೋವಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಜೀವ ತೆಗೆಯುವ ಸಾಧನವೊಂದರ ಆಯುಷ್ಯ ಹೆಚ್ಚಿಸಲು ಮನುಷ್ಯ ಇಷ್ಟು ಬುದ್ಧಿಯನ್ನು ವ್ಯಯಿಸಿದ್ದು ಶೋಚನೀಯವೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಆದರೆ ಆ ಬುದ್ಧಿಯೇ ನಮ್ಮ ಹೊಲಿಗೆಯ ಯಂತ್ರದ ಸೂಜಿಗೂ ಬೈಸಿಕಲ್ಲಿನ ಚೌಕಟ್ಟಿಗೂ ಅಡುಗೆಯ ಪಾತ್ರೆಗೂ ಬಂದಿದೆಯೆಂಬುದನ್ನು ಮರೆಯುವಂತಿಲ್ಲ.

ಬೇಸಿಗೆಯ ರಜೆಯಲ್ಲಿ ಆ ಮನೆಯ ಹಿರಿಯರು ಕೋವಿಯನ್ನು ಬಲ್ಲ ಕಮ್ಮಾರನೊಬ್ಬನ ಬಳಿಗೆ ಒಯ್ದರು. ಪ್ರಾಯಶ್ಚಿತ್ತವೆಂಬಂತೆ ನಾನೂ ಜೊತೆಗೆ ಹೋದೆ. ಅವನು ಆ ಗೇಣುದ್ದದ ಭಾಗವನ್ನು ಬೆರಳಿನಿಂದ ಸವರಿ, ಉಜ್ಜಿದವರು ಯಾರೆಂದು ಕೇಳಿದ. ಹಿರಿಯರು ನನ್ನ ಕಡೆ ನೋಡದೆ, "ಮನೆಯವರೇ," ಎಂದರು. ಕೋವಿ ಹಿಂದಿರುಗಿ ಬಂದದ್ದು ಎರಡು ವಾರಗಳ ಮೇಲೆ. ಹೊಸ ಕಂದು ಚೆನ್ನಾಗಿಯೇ ಕೂತಿತ್ತು. ಆದರೂ ಬೆಳಕಿಗೆ ಹಿಡಿದಾಗ ಹಳೆಯದಕ್ಕಿಂತ ತುಸು ತಿಳಿಯಾಗಿ ಕಾಣುತ್ತಿತ್ತು. ಮುಂದಿನ ಕೈಲ್‌ಪೊಳ್ದಿನಂದು ಅದಕ್ಕೆ ಎಣ್ಣೆ ಸವರುವ ಕೆಲಸವನ್ನು ಹಿರಿಯರು ನನಗೇ ಒಪ್ಪಿಸಿದರು. ಮೆತ್ತನೆಯ ಬಟ್ಟೆಯಿಂದ, ಉಜ್ಜದೆ, ಸುಮ್ಮನೆ ಸವರಿದೆ.